ವಿದೇಶಾಂಗ ವರದಿಗಾರ್ತಿ ಆಗಬೇಕು ಅಂತಿದ್ದೇನೆ, ಏನು ಓದಲಿ, ಎಲ್ಲಿಂದ ಶುರು ಮಾಡಲಿ?

ಅಡಿಕೆಸೋಗೆ:

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು. ಸರ್ಕಾರಿ ಕಾಲೇಜಿನಲ್ಲಿ ಬಿಎ ಕೊನೆಯ ವರ್ಷ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಇಂಗ್ಲಿಷ್ ಪೇಪರ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಕೂತರೆ ಮಾತ್ರ ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯುತ್ತದೆ.

ಈ ಆಸೆ ಹೇಗೆ ಹುಟ್ಟಿತು ಅಂತ ಮೊದಲು ಹೇಳಿಬಿಡುತ್ತೇನೆ. 2022ರ ಕೊಯ್ಲಿನ ಸಮಯ. ರಾತ್ರಿ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತಿದ್ದೆವು. ಕಂಬಕ್ಕೆ ಒರಗಿಸಿಟ್ಟಿದ್ದ ಫೋನಿನಲ್ಲಿ ಸುದ್ದಿ ಬರುತ್ತಿತ್ತು. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಿಕೊಳ್ಳಲು ಕೇಂದ್ರ ಒಪ್ಪಿದೆ ಅಂತ. ಅಪ್ಪಯ್ಯನ ಕೈ ನಿಂತುಹೋಯಿತು. 'ಭೂತಾನ್‌ನಲ್ಲಿ ಅಡಿಕೆ ಬೆಳೀತಾರಾ?' ಅಂತ ಕೇಳಿದರು. ಅಲ್ಲಿ ಕೂತಿದ್ದ ಎಂಟು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರನೇ ದಿನ ನಾನು ಪೇಪರ್ ಪೂರ್ತಿ ಹುಡುಕಿದೆ. ಇಲ್ಲಿನ ಪ್ರತಿಭಟನೆ ಇತ್ತು, ನಾಯಕರ ಹೇಳಿಕೆ ಇತ್ತು. ಭೂತಾನ್‌ನಲ್ಲಿ ಯಾರು ಬೆಳೆಯುತ್ತಾರೆ, ಭಾರತ ಯಾಕೆ ಒಪ್ಪಿತು, ಅಡಿಕೆ ಯಾವ ದಾರಿಯಲ್ಲಿ ಬರುತ್ತದೆ, ಅದೊಂದೂ ಇರಲಿಲ್ಲ. ಅದನ್ನು ಹೋಗಿ ನೋಡಿ ಬರೆಯುವವರು ಯಾರಾದರೂ ಇರಬೇಕಲ್ವಾ ಅನ್ನಿಸಿತು. ಆಮೇಲೆ ಆ ಯೋಚನೆ ತಲೆಯಿಂದ ಹೋಗಲೇ ಇಲ್ಲ.

ಈಗ ಪ್ರಶ್ನೆ. ಎಂಎ ಪತ್ರಿಕೋದ್ಯಮ ಮಾಡಬೇಕಾ, ಅಂತರರಾಷ್ಟ್ರೀಯ ಸಂಬಂಧಗಳ ಎಂಎ ಮಾಡಬೇಕಾ? ದೆಹಲಿಗೆ ಹೋಗಲೇಬೇಕಾ? ಕನ್ನಡದಲ್ಲಿ ಈ ಕೆಲಸಕ್ಕೆ ಜಾಗವಾದರೂ ಇದೆಯಾ? ಮನೆಯಲ್ಲಿ ಬಿ.ಎಡ್ ಮಾಡು ಅನ್ನುತ್ತಿದ್ದಾರೆ, ಅವರ ಮಾತಿನಲ್ಲೂ ನ್ಯಾಯ ಇದೆ, ತೋಟ ಇರುವುದು ಎರಡೇ ಎಕರೆ. ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಇದ್ದದ್ದು ಇದ್ದಂತೆ ಹೇಳಿ.

ರಾತ್ರಿಪಾಳಿ:

ತಂಗಿ, ನಾನು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ 19 ವರ್ಷ ಕೆಲಸ ಮಾಡಿದವನು. ಅದರಲ್ಲಿ 11 ವರ್ಷ ವಿದೇಶ ಪುಟ. ಹಾಗಾಗಿ ಕನ್ನಡದ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

ನಮ್ಮ ಪತ್ರಿಕೆಗಳ ವಿದೇಶ ಪುಟ ಬಹುಪಾಲು ಏಜೆನ್ಸಿ ಕಾಪಿಯಿಂದಲೇ, ಅಂದರೆ ಸುದ್ದಿ ಸಂಸ್ಥೆಗಳು ಕಳಿಸುವ ವರದಿಗಳಿಂದಲೇ ತುಂಬುತ್ತದೆ. ಪಿಟಿಐ, ಎಪಿ, ರಾಯಿಟರ್ಸ್, ಎಎಫ್‌ಪಿ. ಸಂಜೆ ಆರರಿಂದ ರಾತ್ರಿ ಒಂದರವರೆಗೆ ನೂರಾರು ಐಟಂ ಬಂದು ಬೀಳುತ್ತವೆ, ಅದರಲ್ಲಿ ಎಂಟೋ ಹತ್ತೋ ಆರಿಸಿ, ಕನ್ನಡಕ್ಕೆ ತಂದು, ಹೆಡ್ಡಿಂಗ್ ಕೊಟ್ಟು, ಮೊದಲ ಎಡಿಷನ್ ಬಿಡಬೇಕು. ಬಿಬಿಸಿ 2017ರಲ್ಲಿ ಭಾರತದಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಶುರು ಮಾಡಿತು, ತಮಿಳು ಮೊದಲೇ ಇತ್ತು. ಕನ್ನಡ ಬರಲಿಲ್ಲ. ಅಂದರೆ ನಿನ್ನಂಥವರಿಗೆ ತಮಿಳು, ತೆಲುಗಿನವರಿಗೆ ಇರುವ ಆ ಒಂದು ಬಾಗಿಲು ಇಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ಡೆಸ್ಕ್ ಕೆಲಸವನ್ನು ಕಡಿಮೆ ಅಂತ ತಿಳಿಯಬೇಡ. ನಾನು ವಿದೇಶಾಂಗ ನೀತಿ ಕಲಿತದ್ದೇ ಆ ಮೇಜಿನ ಮೇಲೆ. ಒಂದು ಪದ ಹೇಳುತ್ತೇನೆ ನೋಡು. ಒಂದು ದೇಶದ ಬ್ಯಾಂಕು, ಕಂಪನಿ, ವ್ಯಾಪಾರದ ಮೇಲೆ ಇನ್ನೊಂದು ದೇಶ ಹಾಕುವುದು ನಿರ್ಬಂಧ. ಯುದ್ಧನೌಕೆ ನಿಲ್ಲಿಸಿ ಬಂದರಿಗೆ ಹಡಗೇ ಬಾರದಂತೆ ತಡೆಯುವುದು ದಿಗ್ಬಂಧನ. ಎರಡನೆಯದು ಯುದ್ಧಕ್ಕೆ ಸಮ. ನಮ್ಮಲ್ಲಿ ಎರಡಕ್ಕೂ ಆರಾಮಾಗಿ ದಿಗ್ಬಂಧನ ಅಂತಲೇ ಬರೆದುಬಿಡುತ್ತಾರೆ. ಹಾಗೆಯೇ ವಿಶ್ವಸಂಸ್ಥೆಯ ಮತ. 2022ರ ಮಾರ್ಚ್ 2ರಂದು ಉಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 141 ದೇಶ ಪರ, 5 ವಿರುದ್ಧ, 35 ದೇಶ ಮತ ಹಾಕದೆ ದೂರ ಉಳಿದವು. ಭಾರತ ಆ 35ರಲ್ಲಿ ಒಂದು. ಅದನ್ನು 'ಭಾರತ ವಿರೋಧ' ಅಂತ ಬರೆದರೆ ಇಡೀ ನೀತಿಯೇ ತಲೆಕೆಳಗಾಗುತ್ತದೆ. ನಮ್ಮ ಟ್ರೈನಿಯೊಬ್ಬ ಹಾಗೇ ಬರೆದು ಕಳಿಸಿದ್ದ. ಪುಟ ಹೋಗಲು ಹತ್ತು ನಿಮಿಷ ಇದ್ದಾಗ ಕಣ್ಣಿಗೆ ಬಿತ್ತು. ಆ ಹೆಡ್ಡಿಂಗ್ ಈಗಲೂ ನನ್ನ ಕಣ್ಣ ಮುಂದೆ ಇದೆ.

ಅದರ ಹಿಂದಿನ ದಿನ, ಮಾರ್ಚ್ 1. ಹಾವೇರಿ ಜಿಲ್ಲೆಯ ಹುಡುಗ ಉಕ್ರೇನ್‌ನ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ತೀರಿಹೋದ. ಮೆಡಿಕಲ್ ಓದುತ್ತಿದ್ದವನು, ಸಾಮಾನು ತರಲು ಅಂಗಡಿ ಮುಂದೆ ಸರದಿಯಲ್ಲಿ ನಿಂತಿದ್ದನಂತೆ. ಒಳಪುಟದಲ್ಲಿದ್ದ ಯುದ್ಧ ಅವತ್ತು ಮೊದಲ ಪುಟಕ್ಕೆ ಬಂತು. ರಾಣೆಬೆನ್ನೂರಿನ ವರದಿಗಾರ ಮನೆಯವರ ಜೊತೆ ಕೂತು ಫೋನಿನಲ್ಲಿ ಒಂದೊಂದೇ ಸಾಲು ಹೇಳುತ್ತಿದ್ದ, ನಾನು ಇಲ್ಲಿ ಹಾರ್ಕಿವ್ ನಕ್ಷೆ ಬಿಡಿಸಿಕೊಂಡು ರಷ್ಯಾ ಗಡಿ ಎಷ್ಟು ಹತ್ತಿರ ಅಂತ ಓದುಗರಿಗೆ ತಿಳಿಯುವ ಹಾಗೆ ಬರೆಯುತ್ತಿದ್ದೆ. ಆ ರಾತ್ರಿ ಕನ್ನಡ ಓದುಗರಿಗೆ ಕನ್ನಡದಲ್ಲೇ ಬೇಕಿತ್ತು, ಯಾವ ಏಜೆನ್ಸಿಯೂ ಅದನ್ನು ಕೊಡುತ್ತಿರಲಿಲ್ಲ. ಜಾಗ ಇದೆಯಾ ಅಂತ ಕೇಳಿದೆಯಲ್ಲ. ಬೇಕು ಅನ್ನುವ ಜಾಗ ಬೇಕಾದಷ್ಟಿದೆ, ಸಂಬಳ ಕೊಡುವ ಜಾಗ ಬಹಳ ಕಡಿಮೆ.

ನನ್ನ ಸಲಹೆ: ಎರಡು ವರ್ಷ ಡೆಸ್ಕ್‌ನಲ್ಲಿ ಕೂರು. ದಿನಾ ಇಂಗ್ಲಿಷ್ ಕಾಪಿ ಕನ್ನಡಕ್ಕೆ ತಂದರೆ ನಿನ್ನ ಇಂಗ್ಲಿಷೂ ತಾನಾಗಿ ಗಟ್ಟಿಯಾಗುತ್ತದೆ.

ದೆಹಲಿ_ಚಳಿ:

ರಾತ್ರಿಪಾಳಿ ಸರ್ ಹೇಳಿದ ಪದಗಳ ಮಾತು ನೂರಕ್ಕೆ ನೂರು ನಿಜ. ಡೆಸ್ಕ್‌ನಿಂದ ಶುರು ಮಾಡು ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ನಾನು ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಜಿಲ್ಲಾ ವರದಿ ಮಾಡಿ ಆಮೇಲೆ ದೆಹಲಿಗೆ ಬಂದವಳು, ಈಗ ಒಂಬತ್ತು ವರ್ಷದಿಂದ ವಿದೇಶಾಂಗ ಸಚಿವಾಲಯದ ಬೀಟ್, ಅಂದರೆ ದಿನಾ ಅದರದೇ ವರದಿ. ಕೋರ್ಟು, ಪೊಲೀಸ್ ಠಾಣೆ, ಎಪಿಎಂಸಿ, ತಾಲ್ಲೂಕು ಕಚೇರಿ ಇವನ್ನು ತಿರುಗದೆ ನೇರ ವಿದೇಶಾಂಗಕ್ಕೆ ಬಂದವರು ಸಚಿವಾಲಯ ಕೊಟ್ಟ ಹೇಳಿಕೆಯನ್ನೇ ಸುದ್ದಿ ಅಂದುಕೊಳ್ಳುತ್ತಾರೆ. ತಹಶೀಲ್ದಾರರ ಉತ್ತರವನ್ನು ಅನುಮಾನಿಸಲು ಕಲಿತವರು ರಾಯಭಾರಿಯ ಉತ್ತರವನ್ನೂ ಅನುಮಾನಿಸುತ್ತಾರೆ.

ಬೀಟ್ ಹೇಗಿರುತ್ತದೆ ಅಂತ ಹೇಳುತ್ತೇನೆ. ವಕ್ತಾರರು ವಾರಕ್ಕೊಮ್ಮೆ ಬ್ರೀಫಿಂಗ್ ಕೊಡುತ್ತಾರೆ. ಪ್ರಶ್ನೆ ಕೇಳಲು ಕೈ ಎತ್ತಿದವರು ಮೂವತ್ತು ಜನ ಇದ್ದರೆ ಅವಕಾಶ ಸಿಗುವುದು ಕೆಲವರಿಗೆ. ಉತ್ತರದಲ್ಲಿ ಒಂದೊಂದು ಪದವೂ ಅಳೆದು ಇಟ್ಟದ್ದು. ನಿಜವಾದ ಕೆಲಸ ಇರುವುದು ಹೊರಗೆ. ಒಂದು ಉದಾಹರಣೆ. 2020ರ ಜೂನ್ 15ರ ರಾತ್ರಿ ಲಡಾಖಿನ ಗಾಲ್ವಾನ್‌ನಲ್ಲಿ ಭಾರತ, ಚೀನಾ ಸೈನಿಕರ ನಡುವೆ ಘರ್ಷಣೆ ಆಯಿತು. 17ರಂದು ಎರಡೂ ದೇಶಗಳ ವಿದೇಶಾಂಗ ಸಚಿವರು, ನಮ್ಮ ಜೈಶಂಕರ್ ಮತ್ತು ಚೀನಾದ ವಾಂಗ್ ಯಿ, ಫೋನಿನಲ್ಲಿ ಮಾತಾಡಿದರು. ಭಾರತದ ಹೇಳಿಕೆ ಇದು ಚೀನಾದವರು ಮೊದಲೇ ಯೋಜಿಸಿ ಮಾಡಿದ್ದು ಅಂತ ಹೇಳಿತು, ಚೀನಾದ ಹೇಳಿಕೆ ಭಾರತದ ಸೈನಿಕರದೇ ತಪ್ಪು ಅಂತ ಹೇಳಿತು. ಒಂದೇ ಫೋನ್ ಕರೆ! ಇಬ್ಬರ ಹೇಳಿಕೆಯನ್ನೂ ಪಕ್ಕಪಕ್ಕ ಇಟ್ಟು, ಯಾರು ಏನು ಬಿಟ್ಟಿದ್ದಾರೆ, ಇಬ್ಬರೂ ಒಪ್ಪಿರುವುದು ಯಾವುದು ಅಂತ ಗೆರೆ ಎಳೆಯುವುದೇ ಈ ಬೀಟಿನ ಅ ಆ ಇ ಈ. ಇದನ್ನು ಸಾಗರದಲ್ಲೇ ಕೂತು ಇವತ್ತೇ ಶುರು ಮಾಡಬಹುದು, ಎರಡೂ ದೇಶಗಳ ಹೇಳಿಕೆಗಳು ಅವರವರ ವೆಬ್‌ಸೈಟಿನಲ್ಲಿ ಇರುತ್ತವೆ. ಸಂಸತ್ತಿನಲ್ಲಿ ವಿದೇಶಾಂಗ ಸಚಿವಾಲಯ ಕೊಡುವ ಲಿಖಿತ ಉತ್ತರಗಳನ್ನೂ ಓದಿ. ಅವುಗಳಲ್ಲಿ ಸಿಗುವಷ್ಟು ಸುದ್ದಿ ಬ್ರೀಫಿಂಗಿನಲ್ಲಿ ಸಿಗುವುದಿಲ್ಲ.

ಕಷ್ಟಗಳನ್ನೂ ಹೇಳಬೇಕು. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಪತ್ರಕರ್ತರಿಗೆ ಕೊಡುವ ಮಾನ್ಯತೆ ಕಾರ್ಡ್‌ಗೆ ಕನಿಷ್ಠ ಐದು ವರ್ಷ ಪೂರ್ಣಾವಧಿ ಅನುಭವ ಬೇಕು, ಫ್ರೀಲಾನ್ಸ್ ಆದರೆ ಹದಿನೈದು. 2014ರಿಂದ ಪ್ರಧಾನಿ ವಿಮಾನದಲ್ಲಿ ಖಾಸಗಿ ಪತ್ರಿಕೆಗಳವರನ್ನು ಕರೆದೊಯ್ಯುವ ರೂಢಿ ನಿಂತಿದೆ, ಹೋಗಬೇಕಾದರೆ ಸಂಸ್ಥೆಯೇ ಖರ್ಚು ಹಾಕಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಪಾಕಿಸ್ತಾನ ಅಲ್ಲಿದ್ದ ಇಬ್ಬರು ಭಾರತೀಯ ವರದಿಗಾರರನ್ನು ಹೊರಗೆ ಕಳಿಸಿತು. 2023ರಲ್ಲಿ ಭಾರತ ಮತ್ತು ಚೀನಾ ಪರಸ್ಪರರ ಪತ್ರಕರ್ತರ ವೀಸಾ ತಡೆದವು. ನಮಗೆ ಅತಿ ಮುಖ್ಯವಾದ ಎರಡು ನೆರೆಮನೆಗಳನ್ನು ಹೀಗೆ ದೂರದಿಂದ ನೋಡಿ ಬರೆಯುವ ಸ್ಥಿತಿ ಬಂತು. ನನಗೆ ಇದು ತುಂಬಾ ನೋವಿನ ವಿಷಯ. ಲಾಹೋರಿನ ಬೀದಿಯನ್ನು ಕಣ್ಣಾರೆ ಕಂಡವರು ಇಲ್ಲದಾಗ ಸ್ಟುಡಿಯೋದಲ್ಲಿ ಕೂಗುವವರ ಮಾತೇ ಸತ್ಯ ಆಗಿಬಿಡುತ್ತದೆ.

ಓದಿನ ಬಗ್ಗೆ. ಇವರು ಇದನ್ನೇ ಓದಿರಬೇಕು ಅನ್ನುವ ನಿಯಮ ಇಲ್ಲ. ಸುಹಾಸಿನಿ ಹೈದರ್ ಲೇಡಿ ಶ್ರೀರಾಮ್ ಕಾಲೇಜಿನಿಂದ ಬೋಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಸಿಎನ್‌ಎನ್‌ನಲ್ಲಿ ಪಳಗಿ ದಿ ಹಿಂದೂಗೆ ಬಂದವರು. ಅದೇ ಪತ್ರಿಕೆಯ ಸ್ಟ್ಯಾನ್ಲಿ ಜಾನಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಪಿಎಚ್.ಡಿ. ಮಾಡಿದವರು. ನಮ್ಮ ಕಡೆಗೂ ನಂಟಿರುವವರು ಬೇಕಾದರೆ ಅನಿತಾ ಪ್ರತಾಪ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ, 80ರ ದಶಕದ ಆರಂಭದಲ್ಲೇ ಶ್ರೀಲಂಕಾದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ನಾಯಕ ಪ್ರಭಾಕರನ್ ಸಂದರ್ಶನ ಮಾಡಿದರು, 1996ರಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ಸಿಎನ್‌ಎನ್‌ಗೆ ವರದಿ ಮಾಡಿದರು. ಬೆಂಗಳೂರಿನಲ್ಲೇ ಬಾಳಿದ ಟಿ.ಜೆ.ಎಸ್. ಜಾರ್ಜ್ ಓದಿದ್ದು ಇಂಗ್ಲಿಷ್ ಸಾಹಿತ್ಯ. ಮುಂಬೈ, ಪಟ್ನಾ ಪತ್ರಿಕೆಗಳಲ್ಲಿ ದುಡಿದು ಹಾಂಗ್‌ಕಾಂಗ್‌ಗೆ ಹೋಗಿ 1975ರಲ್ಲಿ 'ಏಷ್ಯಾವೀಕ್' ಕಟ್ಟಿದರು. ನಾಲ್ವರಿಗೂ ಒಂದು ಪ್ರದೇಶ ಚೆನ್ನಾಗಿ ಗೊತ್ತಿತ್ತು, ಅದೇ ಮುಖ್ಯ.

ಧಾರವಾಡ_ಪ್ರಾಗ್:

ನಾನು ಮೂರನೇ ದಾರಿಯವನು. ನೌಕರಿ ಇಲ್ಲ, ಫ್ರೀಲಾನ್ಸ್. ಓದಿದ್ದು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯ ಪತ್ರಿಕೋದ್ಯಮ ಎಂಎ. ಮೊದಲ ವರ್ಷ ಡೆನ್ಮಾರ್ಕಿನ ಆರ್ಹುಸ್, ಎರಡನೇ ವರ್ಷ ಪ್ರಾಗ್. ಸ್ಕಾಲರ್‌ಶಿಪ್ ಸಿಕ್ಕಿದ್ದರಿಂದ ಹೋದೆ, ಇಲ್ಲದಿದ್ದರೆ ನಮ್ಮ ಮನೆಯ ಪರಿಸ್ಥಿತಿಯಲ್ಲಿ ಕನಸಿನ ಮಾತು. ಅರ್ಜಿ ಹಾಕುವ ಮೊದಲು ಒಂದಷ್ಟು ಪ್ರಕಟವಾದ ವರದಿ ಕೈಯಲ್ಲಿರಲಿ. ಬ್ರಿಟನ್ನಿನ ಚೀವನಿಂಗ್ ಸ್ಕಾಲರ್‌ಶಿಪ್‌ಗೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಡಾಗ್ ಹ್ಯಾಮರ್‌ಶೋಲ್ಡ್ ನಿಧಿಯ ಫೆಲೋಶಿಪ್ ಇದೆ, ಅಭಿವೃದ್ಧಿಶೀಲ ದೇಶಗಳ 25ರಿಂದ 35 ವಯಸ್ಸಿನ ಪತ್ರಕರ್ತರನ್ನು ವಿಶ್ವಸಂಸ್ಥೆಯ ಮಹಾಸಭೆ ವರದಿ ಮಾಡಲು ನ್ಯೂಯಾರ್ಕಿಗೆ ಕರೆಸುತ್ತಾರೆ. ಇವೆಲ್ಲ ಮುಂದಿನ ಮಾತು, ಹೆಸರು ಬರೆದಿಟ್ಟುಕೊಳ್ಳಿ ಸಾಕು.

ಈಗಲೇ ಮಾಡಬಹುದಾದ್ದು ಜೆಎನ್‌ಯು. ಅಲ್ಲಿನ ಅಂತರರಾಷ್ಟ್ರೀಯ ಅಧ್ಯಯನ ವಿಭಾಗ 1955ರಲ್ಲಿ ಹುಟ್ಟಿದ್ದು, ಪ್ರವೇಶಕ್ಕೆ ಸಿಯುಇಟಿ ಪಿಜಿ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು, ಶುಲ್ಕ ತುಂಬಾ ಕಡಿಮೆ. ಅಷ್ಟು ದೂರ ಬೇಡ ಅಂದರೆ ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಎಂಎ ಇದೆ, ಖರ್ಚು ಜಾಸ್ತಿ. ಪತ್ರಿಕೋದ್ಯಮಕ್ಕೆ ದೆಹಲಿಯ ಐಐಎಂಸಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್), ಚೆನ್ನೈನ ಎಸಿಜೆ (ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ), ನಮ್ಮಲ್ಲೇ ಮೈಸೂರು ವಿಶ್ವವಿದ್ಯಾಲಯ. ನನ್ನನ್ನು ಕೇಳಿದರೆ ವಿಷಯದ ಎಂಎ ಮಾಡಿ, ವರದಿಗಾರಿಕೆ ಕೆಲಸದಲ್ಲೇ ಕಲಿಯಿರಿ. ಲೀಡ್, ಅಂದರೆ ಸುದ್ದಿಯ ಮೊದಲ ಸಾಲು ಬರೆಯುವುದು ಆರು ತಿಂಗಳಲ್ಲಿ ಬರುತ್ತದೆ, ಪಶ್ಚಿಮ ಏಷ್ಯಾದ ಇತಿಹಾಸ ಬರುವುದಿಲ್ಲ.

ಇನ್ನೊಂದು ವಿಷಯ, ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಹೊರದೇಶದಲ್ಲಿ ನಾವು ಒಬ್ಬರೇ ಏನೂ ಮಾಡುವುದಿಲ್ಲ. ಫಿಕ್ಸರ್ ಅಂತ ಸ್ಥಳೀಯರೊಬ್ಬರು ಇರುತ್ತಾರೆ. ಭಾಷೆ ತಿಳಿದವರು, ಕಾರು ಹುಡುಕುವವರು, ಯಾವ ಚೆಕ್‌ಪೋಸ್ಟಿನಲ್ಲಿ ಯಾರಿದ್ದಾರೆ ಅಂತ ಗೊತ್ತಿರುವವರು. ನಾನು ಸ್ಲೋವಾಕಿಯಾ ಗಡಿಯಲ್ಲಿ ಉಕ್ರೇನ್ ನಿರಾಶ್ರಿತರ ಬಗ್ಗೆ ವರದಿ ಮಾಡುವಾಗ ನನ್ನ ಜೊತೆಗಿದ್ದವರು ಒಬ್ಬ ಶಾಲಾ ಶಿಕ್ಷಕಿ. ಒಬ್ಬ ಅಜ್ಜಿ ಬಸ್ಸಿನಿಂದ ಇಳಿದು ಮಾತಾಡಲು ಶುರು ಮಾಡಿದರು. ನಾನು ಪೆನ್ನು ತೆಗೆದ ಕೂಡಲೇ ಆ ಶಿಕ್ಷಕಿ ನನ್ನ ಕೈ ಹಿಡಿದು ತಡೆದರು. 'ಮೊದಲು ಅವರು ಟೀ ಕುಡಿಯಲಿ' ಅಂದರು. ಅಜ್ಜಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು ಮುಗಿಸುವವರೆಗೂ ನಾವು ಸುಮ್ನೆ ಕೂತಿದ್ದೆವು. ಆಮೇಲೆ ಅವರು ಒಂದು ಗಂಟೆ ಮಾತಾಡಿದರು. ವರದಿಗಾರರ ಹೆಸರು ಹಾಕುವ ಬೈಲೈನ್‌ನಲ್ಲಿ ಫಿಕ್ಸರ್ ಹೆಸರು ಬರುವುದಿಲ್ಲ, ಆ ವರದಿಯ ಅರ್ಧ ಅವರದೇ.

ಅಪಾಯದ ಬಗ್ಗೆಯೂ ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ. ಪತ್ರಿಕಾ ಛಾಯಾಗ್ರಾಹಕ ದಾನಿಶ್ ಸಿದ್ದೀಕಿ ದೆಹಲಿಯ ಜಾಮಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ರಾಯಿಟರ್ಸ್‌ನಲ್ಲಿ ಇಂಟರ್ನ್ ಆಗಿ ಸೇರಿ, ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗೆ 2018ರ ಪುಲಿಟ್ಜರ್ ಪಡೆದ ತಂಡದಲ್ಲಿದ್ದರು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಕೊಲ್ಲಲ್ಪಟ್ಟರು. ದೊಡ್ಡ ಸಂಸ್ಥೆ ಬೆನ್ನಿಗಿದ್ದವರಿಗೇ ಹೀಗಾಯಿತು. ಫ್ರೀಲಾನ್ಸರ್‌ಗಳಿಗೆ ವಿಮೆಯೂ ಇರುವುದಿಲ್ಲ. ಸುರಕ್ಷತಾ ತರಬೇತಿಗೆ ರೋರಿ ಪೆಕ್ ಟ್ರಸ್ಟ್ ನೆರವು ಕೊಡುತ್ತದೆ. ಅದನ್ನು ಮುಗಿಸದೆ ಯುದ್ಧದ ಕಡೆ ಹೆಜ್ಜೆ ಇಡಬೇಡಿ. ಯಾವ ಸಂಪಾದಕರು ಎಷ್ಟೇ ಒತ್ತಾಯ ಮಾಡಿದರೂ.

ಕಾಫಿಹೂವು:

ಚಿಕ್ಕಮಗಳೂರಿನಿಂದ. ಪತ್ರಕರ್ತೆ ಅಲ್ಲ, ಕಾಫಿ ರಫ್ತು ಮಾಡುವ ಕಡೆ ಕೆಲಸ. ವಿದೇಶಾಂಗ ಅಂದರೆ ಎಲ್ಲರೂ ಯುದ್ಧ, ಗಡಿ ಅಂತಲೇ ಮಾತಾಡುತ್ತಿದ್ದೀರಿ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಕೊಳ್ಳುವುದಿಲ್ಲ ಅಂತ ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿ ಮುಂದಕ್ಕೆ ಹೋಗುತ್ತಾ ಇದೆ, ಆದರೆ ಪ್ರತಿ ತೋಟದ ಜಿಪಿಎಸ್ ಗುರುತು ಕೊಡಬೇಕು ಅಂತ ಇಲ್ಲಿನ ಸಣ್ಣ ಬೆಳೆಗಾರರು ಈಗಲೇ ಕಂಗಾಲಾಗಿದ್ದಾರೆ. ನಮ್ಮ ಕಾಫಿ ಹೆಚ್ಚು ಹೋಗುವುದೇ ಇಟಲಿ, ಜರ್ಮನಿ ಕಡೆಗೆ. ಒಕ್ಕೂಟದ ಕೇಂದ್ರ ಬ್ರಸೆಲ್ಸ್‌ನಲ್ಲಿ ಏನು ನಡೆಯುತ್ತಿದೆ ಅಂತ ಕನ್ನಡದಲ್ಲಿ ವಿವರವಾಗಿ ಬರೆಯುವವರು ಬೇಕು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡ ನಮ್ಮ ಹಕ್ಕಿಪಿಕ್ಕಿ ಜನರ ಕತೆಯೂ ಹಾಗೇ. ಅವರು ವಾಪಸ್ ಬಂದ ಸುದ್ದಿ ಬಂತು. ಅವರು ಎಷ್ಟು ವರ್ಷದಿಂದ ಆಫ್ರಿಕಾದ ಊರೂರಿಗೆ ಗಿಡಮೂಲಿಕೆ ಎಣ್ಣೆ ಮಾರಲು ಹೋಗುತ್ತಿದ್ದಾರೆ, ಅಲ್ಲಿ ಅವರನ್ನು ಯಾರು ನಂಬಿ ಕೊಳ್ಳುತ್ತಾರೆ, ಆ ಕತೆ ಓದಲು ನನಗೆ ಈಗಲೂ ಆಸೆ.

ಅಡಿಕೆಸೋಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಅಜ್ಜಿ ಟೀ ಕುಡಿದ ಭಾಗ ಬಂದಾಗ ಅಮ್ಮ ಇನ್ನೊಂದು ಸಲ ಓದು ಅಂದರು. ಅಪ್ಪಯ್ಯ ಅಫ್ಘಾನಿಸ್ತಾನದ ವಿಷಯ ಕೇಳಿ ಏನೂ ಮಾತಾಡಲಿಲ್ಲ, ಎದ್ದು ತೋಟಕ್ಕೆ ಹೋದರು. ಅದನ್ನು ಓದಿ ನನಗೂ ಭಯ ಆಯಿತು. ಸಿಯುಇಟಿಗೆ ಅರ್ಜಿ ಹಾಕುತ್ತೇನೆ, ಬಿ.ಎಡ್ ಅರ್ಜಿಯನ್ನೂ ಹಾಕುತ್ತೇನೆ ಅಂತ ಮನೆಯಲ್ಲಿ ಒಪ್ಪಂದ ಆಗಿದೆ. ಅಲ್ಲಿಯವರೆಗೆ ಏನು ಮಾಡಲಿ? ಖಾಲಿ ಕೂರಲು ಇಷ್ಟ ಇಲ್ಲ.

ದೆಹಲಿ_ಚಳಿ:

ಆ ಭೂತಾನ್ ಅಡಿಕೆ ವರದಿಯನ್ನು ನೀವೇ ಬರೆಯಿರಿ. ಹೇಗೆ ಅಂತ ಹೇಳುತ್ತೇನೆ.

ಮೊದಲು ವಿದೇಶಿ ವ್ಯಾಪಾರ ಮಹಾ ನಿರ್ದೇಶನಾಲಯದ 2022ರ ಸೆಪ್ಟೆಂಬರ್ ಅಧಿಸೂಚನೆ ಹುಡುಕಿ ಓದಿ. ಆಮದು ಅಡಿಕೆಗೆ ಆಗ ಕೆ.ಜಿ.ಗೆ 251 ರೂಪಾಯಿ ಕನಿಷ್ಠ ದರ ಇತ್ತು, 2023ರ ಫೆಬ್ರುವರಿಯಲ್ಲಿ 351 ಆಯಿತು. ಆ ಅಧಿಸೂಚನೆಯ ಪ್ರಕಾರ ಭೂತಾನ್‌ನ ಆ 17,000 ಟನ್‌ಗೆ ಈ ದರದ ಷರತ್ತು ಇರಲಿಲ್ಲ, ಮತ್ತು ಅದು ಬರಬೇಕಿದ್ದದ್ದು ಪಶ್ಚಿಮ ಬಂಗಾಳದ ಜೈಗಾಂವ್ ಸುಂಕ ಠಾಣೆಯಿಂದ. ನಮ್ಮ ದೇಶದ ಒಟ್ಟು ಬೆಳೆ 10 ಲಕ್ಷ ಟನ್‌ಗಿಂತ ಹೆಚ್ಚು. ಹಾಗಿದ್ದರೆ 17,000 ಟನ್‌ಗೆ ಇಷ್ಟು ಭಯ ಯಾಕೆ? ನಿಮ್ಮ ಊರಿನ ಮಂಡಿಯಲ್ಲಿ ಕೇಳಿ. ಬೇರೆ ದೇಶದ ಅಡಿಕೆ ಇದರ ಹೆಸರಲ್ಲಿ ನುಗ್ಗಬಹುದು ಅನ್ನುವ ಅನುಮಾನ ಕೆಲವರಿಗಿದೆ, ಅದಕ್ಕೆ ಅವರ ಹತ್ತಿರ ಏನು ಆಧಾರ ಇದೆ ಅಂತಲೂ ಕೇಳಿ. ಆಮೇಲೆ ಭಾರತ ಮತ್ತು ಭೂತಾನ್ ನಡುವಿನ ವ್ಯಾಪಾರ ಒಪ್ಪಂದ, 1972ರದ್ದು, 2016ರಲ್ಲಿ ನವೀಕರಣವಾದದ್ದು. ಭೂತಾನ್ ಮತ್ತು ಚೀನಾ ಎರಡೂ ತಮ್ಮದೆನ್ನುವ ಡೋಕ್ಲಾಂನಲ್ಲಿ 2017ರಲ್ಲಿ 73 ದಿನ ಭಾರತ ಮತ್ತು ಚೀನಾ ಸೇನೆ ಎದುರುಬದುರು ನಿಂತದ್ದನ್ನೂ ಓದಿ. ಭೂತಾನ್ ಏನಾದರೂ ಕೇಳಿದರೆ ದೆಹಲಿ ಸುಲಭವಾಗಿ ಇಲ್ಲ ಅನ್ನುವುದಿಲ್ಲ ಯಾಕೆ ಅಂತ ತಿಳಿಯುತ್ತದೆ. ಭೂತಾನ್‌ನ 'ಕುಯೆನ್ಸೆಲ್' ಪತ್ರಿಕೆ ಇಂಗ್ಲಿಷ್‌ನಲ್ಲೂ ಬರುತ್ತದೆ. ಅಲ್ಲಿನ ಅಡಿಕೆ ಬೆಳೆಗಾರ ನಿಮ್ಮ ಅಪ್ಪಯ್ಯನ ಹಾಗೇ ದರದ ಚಿಂತೆಯಲ್ಲಿ ಇರುತ್ತಾನೆ. ಅವನ ಮಾತು ನಿಮ್ಮ ವರದಿಯಲ್ಲಿ ಇರಲೇಬೇಕು.

ಕನ್ನಡದಲ್ಲೇ ಬರೆಯಿರಿ. 1,200 ಪದ ಸಾಕು.

ರಾತ್ರಿಪಾಳಿ:

ಬರೆದ ಮೇಲೆ ಇಲ್ಲೇ ಹಾಕು ತಂಗಿ, ನಾನು ಕಾಪಿ ನೋಡಿಕೊಡುತ್ತೇನೆ. ಒಂದೇ ಮಾತು: ಮೊದಲ ಸಾಲು ಆ ಜಗಲಿಯಿಂದ ಶುರುವಾಗಲಿ, ಅಪ್ಪಯ್ಯ ಕೇಳಿದ ಪ್ರಶ್ನೆಯಿಂದ.

ಅಡಿಕೆಸೋಗೆ:

ಸರಿ ಅಣ್ಣ. ಅಧಿಸೂಚನೆ ಸಿಕ್ಕಿತು, ಎರಡೇ ಪುಟ ಇದೆ. ನಾಳೆ ಬೆಳಿಗ್ಗೆ ಮಂಡಿಗೆ ಹೋಗುತ್ತಿದ್ದೇನೆ, ಅಪ್ಪಯ್ಯ ಜೊತೆಗೆ ಬರುತ್ತೇನೆ ಅಂದಿದ್ದಾರೆ.